ಕಲಿತದ್ದು ಯಾರ ಖಾತೆಗೆ ಜಮಾ?

ಒಂದು ಕಾಲೇಜಿನಲ್ಲಿ ಕಲಿತದ್ದನ್ನು ಇನ್ನೊಂದು ಕಾಲೇಜು ಒಪ್ಪಬೇಕೆ ಎಂಬುದು ಮೇಲ್ನೋಟಕ್ಕೆ ಬರೀ ಕಾಗದಪತ್ರದ ವಿಷಯವೆಂದು ತೋರುತ್ತದೆ. ಆದರೆ ಹೈದರಾಬಾದಿನ ನಮ್ಮ ಕನ್ನಡ ಮನೆಗಳಲ್ಲಿ ಈಗ ಇದು ಊಟದ ಹೊತ್ತಿನ ಮಾತಾಗಿದೆ. ಹುಡುಗ ಬಿ.ಎಸ್‌ಸಿ. ಒಂದು ವರ್ಷ ಮುಗಿಸಿದ್ದಾನೆ. ಭೌತಶಾಸ್ತ್ರ ಒಲಿಯಲಿಲ್ಲ, ಮನಸ್ಸು ವ್ಯಾಪಾರದ ಕಡೆಗಿದೆ, ಬಿ.ಬಿ.ಎ. ಸೇರಬೇಕೆನ್ನುತ್ತಾನೆ. ಆ ಒಂದು ವರ್ಷದ ಗತಿ ಏನು?

2021ರ ಜುಲೈಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ‘ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್’ ಎಂಬುದಕ್ಕೆ ನಿಯಮಗಳನ್ನು ಹೊರಡಿಸಿತು. ಇಲ್ಲಿ ಜಮಾ ಆಗುವುದು ಹಣವಲ್ಲ, ಪಾಸಾದ ಪಾಠ. ಹೆಚ್ಚೆಂದರೆ 7 ವರ್ಷ ಅದು ಖಾತೆಯಲ್ಲಿರುತ್ತದೆ. ಆದರೆ ಪದವಿ ಕೊಡುವ ಸಂಸ್ಥೆಯಲ್ಲೇ ಅರ್ಧದಷ್ಟನ್ನಾದರೂ ಗಳಿಸಬೇಕು. ಮೂರು ವರ್ಷದ ಪದವಿಗೆ 120 ಕ್ರೆಡಿಟ್ ಎಂದರೆ 60. ಖಾತೆಯಲ್ಲಿದ್ದ ಮಾತ್ರಕ್ಕೆ ಎಲ್ಲ ಕಡೆಯೂ ಚಲಾವಣೆಯಾಗುತ್ತದೆಂದೂ ತಿಳಿಯಬಾರದು. ಇಂಗ್ಲಿಷು, ಎರಡನೆಯ ಭಾಷೆ, ಪರಿಸರದ ಪಾಠ ಹೊಸ ಕಡೆ ಹೊಂದಬಹುದು. ರಸಾಯನಶಾಸ್ತ್ರ ಲೆಕ್ಕಶಾಸ್ತ್ರದ ಜಾಗಕ್ಕೆ ಬಾರದು.

ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಈ ನ್ಯಾಯ ಹೊಸದೇನಲ್ಲ. ಸ್ವಂತ ಕೋರಿಕೆಯ ಮೇಲೆ ಬೇರೆ ಕೇಡರಿಗೆ ವರ್ಗವಾದರೆ ಜ್ಯೇಷ್ಠತೆ ಹೋಗುತ್ತದೆ, ಹೊಸ ಪಟ್ಟಿಯ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ. ಆದರೆ ಗಳಿಸಿದ ರಜೆ ಹೋಗದು; ಹಿಂದಿನ ಸೇವೆ ಪಿಂಚಣಿಯ ಲೆಕ್ಕಕ್ಕೆ ಬಂದೇ ಬರುತ್ತದೆ. ಈ ಭೇದದಲ್ಲಿ ವಿವೇಕವಿದೆ. ಜ್ಯೇಷ್ಠತೆಯೆಂಬುದು ಮತ್ತೊಬ್ಬನ ಮುಂದೆ ನಿಲ್ಲುವ ಹಕ್ಕು. ಬಂದವನಿಗೆ ಅದನ್ನು ಕೊಟ್ಟರೆ ಇದ್ದವನಿಗೆ ಅನ್ಯಾಯ. ಮಾಡಿದ ಸೇವೆಯನ್ನು ಲೆಕ್ಕಕ್ಕೆ ಹಿಡಿದರೆ ಯಾರದೇನೂ ಹೋಗುವುದಿಲ್ಲ.

ಕಲಿಕೆ ಈ ಎರಡನೆಯ ಜಾತಿಯದು. ಹುಡುಗ ಕಲಿತ ಇಂಗ್ಲಿಷನ್ನು ಒಪ್ಪಿಕೊಂಡರೆ ಪಕ್ಕದ ಬೆಂಚಿನವನಿಗೆ ನಷ್ಟವೇನು? ಒಪ್ಪದಿದ್ದರೆ ಮಾತ್ರ ಒಬ್ಬರಿಗೆ ಲಾಭವಿದೆ: ಅದೇ ಪಾಠಕ್ಕೆ ಎರಡನೆಯ ಸಲ ಫೀಸು ಪಡೆಯುವವರಿಗೆ. ತಿಂಗಳ ಸಂಬಳದ ಮನೆಯಲ್ಲಿ ಒಂದು ವರ್ಷವೆಂದರೆ ಫೀಸು, ಬಸ್ ಪಾಸು, ಮಗಳ ಮುಂದಿನ ಓದಿಗೆಂದು ಎತ್ತಿಟ್ಟ ಹಣ. ‘ಮಟ್ಟ ಕಾಪಾಡುತ್ತೇವೆ’ ಎನ್ನುವವರು ಮಟ್ಟವನ್ನು ಪರೀಕ್ಷಿಸಿ ನೋಡಲಿ, ನಮ್ಮ ಆಕ್ಷೇಪಣೆ ಇಲ್ಲ. ಈ ಊರಿನಲ್ಲಿಯೇ ಇರುವ, 1982ರಲ್ಲಿ ಹುಟ್ಟಿದ ಮುಕ್ತ ವಿಶ್ವವಿದ್ಯಾಲಯ (1991ರಿಂದ ಡಾ. ಅಂಬೇಡ್ಕರರ ಹೆಸರು ಹೊತ್ತದ್ದು) ಕಾಲೇಜಿನ ಮೆಟ್ಟಿಲು ಹತ್ತದವರಿಗೂ ಅರ್ಹತಾ ಪರೀಕ್ಷೆಯ ಮೂಲಕ ಪದವಿಯ ಬಾಗಿಲು ತೆರೆಯಿತು. ಎಲ್ಲಿ ಕಲಿತೆ ಎಂದು ಅದು ಕೇಳಲಿಲ್ಲ.

ಹುಡುಗನ ಪಾಲಿನ ಪ್ರಾಮಾಣಿಕತೆಯ ಮಾತೂ ಇದೆ, ಅದನ್ನು ತಂದೆತಾಯಿಗಳು ಹೇಳಲು ಹಿಂಜರಿಯುತ್ತಾರೆ. ಲೆಕ್ಕಶಾಸ್ತ್ರದ ಒಂದು ಪತ್ರಿಕೆ ಎಲ್ಲೋ ಪಾಸಾಗಿದೆ ಎಂದಿಟ್ಟುಕೊಳ್ಳೋಣ. ಖಾತೆಯಲ್ಲಿ ಕ್ರೆಡಿಟ್ ಇದೆ, ಆದರೆ ಜರ್ನಲ್ಲಿನಿಂದ ಲೆಡ್ಜರಿಗೆ ಒಂದು ನಮೂದು ಏರಿಸಲು ಕೈ ಬಾರದು. ನಿಯಮದ ಪ್ರಕಾರ ಅವನು ಆ ಪಾಠದಿಂದ ಮುಕ್ತ. ಬ್ಯಾಂಕಿನ ಏಳು ವರ್ಷಕ್ಕೂ ನೆನಪಿನ ಏಳು ವರ್ಷಕ್ಕೂ ಸಂಬಂಧವಿಲ್ಲವಷ್ಟೆ! ಅಂಥವನು ಆ ಕ್ರೆಡಿಟ್ಟನ್ನು ಕೇಳುವುದು ನ್ಯಾಯವೆ? ಕೇಳಲಿ ಎನ್ನುತ್ತೇವೆ ನಾವು, ಏಕೆಂದರೆ ಫೀಸು ಕೊಟ್ಟವರು ಮನೆಯವರು. ಆದರೆ ರಜೆಯಲ್ಲಿ ಆ ಪುಸ್ತಕವನ್ನು ಮೊದಲ ಪುಟದಿಂದ ಬಿಡಿಸಿ ಕೂಡಲಿ. ನಾಳೆ ಬೇಗಂ ಬಜಾರಿನ ಯಾವನೋ ವರ್ತಕ ತನ್ನ ಲೆಕ್ಕವನ್ನು ಒಪ್ಪಿಸುವುದು ಇವನ ಕೈಗೆ, ಬ್ಯಾಂಕಿನ ಕೈಗಲ್ಲ.

ಉಳಿದದ್ದು ಯಾವ ಜಾಗಕ್ಕೂ ಹೊಂದದ ರಸಾಯನಶಾಸ್ತ್ರ. ಅದು ದಂಡವಾಯಿತೆಂದು ಮನೆಗಳಲ್ಲಿ ಪೇಚಾಡುತ್ತಾರೆ. ನಾವೂ ಬಿ.ಎಸ್‌ಸಿ. ಓದಿದವರೇ, ಸರ್ವಿಸ್ ಬುಕ್ಕಿನಲ್ಲಿ ಅದಕ್ಕೆ ಒಂದೇ ಸಾಲು, ಯಾವ ಕಡತವೂ ನಮ್ಮನ್ನು ಆಮ್ಲ ಕ್ಷಾರಗಳ ಬಗ್ಗೆ ಕೇಳಿಲ್ಲ. ಆದರೂ ಬ್ಯೂರೆಟ್ಟಿನ ಕೊನೆಯ ಹನಿಗಾಗಿ ಕಾದ ಕಣ್ಣೇ ಇಂದು ಪ್ರಯಾಣ ಭತ್ಯೆಯ ಬಿಲ್ಲಿನ ಕೂಡುವಿಕೆಯನ್ನು ಇನ್ನೊಮ್ಮೆ ನೋಡುತ್ತದೆ. ಇದಕ್ಕೆ ಎಷ್ಟು ಕ್ರೆಡಿಟ್ ಎಂದು ಕೇಳಿದರೆ ಯಾವ ಆಯೋಗವೂ ಹೇಳಲಾರದು.