ಗೂಡಿನ ಆಜ್ಞೆ ಮತ್ತು ನಮ್ಮ ಗುಡ್ಡಗಳು

ರೋಣದ ಎರೆಯ ಬಯಲನ್ನು ದಾಟಿ ಗಜೇಂದ್ರಗಡದ ಕಡೆಗೆ ಸಾಗುವವರಿಗೆ ಗುಡ್ಡಗಳ ಸಾಲು ಎದುರಾಗುತ್ತದೆ. ನರಗುಂದದಲ್ಲಿ ಒಂಟಿ ಗುಡ್ಡವೊಂದು ಊರಿಗೆ ಆಸರೆಯಂತೆ ನಿಂತಿದೆ. ಬಿಳಿಜೋಳ, ಕಡಲೆ ಬೆಳೆಯುವ ನಮಗೆ ಗುಡ್ಡವೆಂದರೆ ಕೋಟೆ, ಗುಡಿ, ಈಚೆಗೆ ಗಾಳಿಯಂತ್ರ. ಇಲ್ಲವೇ ಬರೀ ಕಲ್ಲು. ಅಲ್ಲಿ ವಾಸಿಸುವ ಜೀವಿಗಳ ಲೆಕ್ಕವನ್ನು ನಾವು ಇಟ್ಟವರಲ್ಲ. ಕಲ್ಲುಗುಡ್ಡಗಳನ್ನೇ ನಂಬಿ ಬದುಕುವ ಹಕ್ಕಿಯೊಂದು ನಮ್ಮ ಮುಂದೆ ಇಡುವ ಪ್ರಶ್ನೆಯನ್ನು ಇಲ್ಲಿ ವಿಚಾರಿಸೋಣ: ಯಾರ ಉಪಯೋಗಕ್ಕೂ ಬಾರದಂತೆ ಕಾಣುವ ಜೀವಿಗಾಗಿ ಮನುಷ್ಯನು ತನ್ನ ಲಾಭವನ್ನು ಬಿಟ್ಟುಕೊಡಬೇಕೇ?

ಅದರ ಹೆಸರು ಹಳದಿ ಕೊರಳಿನ ಪಿಕಳಾರ. 1845ರಲ್ಲಿ ಇದನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದವನು ಟಿ. ಸಿ. ಜೆರ್ಡನ್ ಎಂಬ ವೈದ್ಯ. ನಮ್ಮ ಹಿತ್ತಲಿಗೆ ಬರುವ, ತಲೆಯ ಮೇಲೆ ಕರಿಯ ಜುಟ್ಟಿರುವ ಪಿಕಳಾರಕ್ಕೆ ಇದು ದಾಯಾದಿ. ಆದರೆ ಇದಕ್ಕೆ ಜುಟ್ಟಿಲ್ಲ; ತಲೆ, ಕೊರಳು ಹಳದಿ, ಬೆನ್ನು ಬೂದು. ಊರಿನ ಸಂಗ ಇದಕ್ಕೆ ಬೇಡ. ಬಂಡೆಗಳೂ ಅವುಗಳ ಸಂದಿನ ಮುಳ್ಳುಕುರುಚಲೂ ಇರುವ ಇಳಿಜಾರಿನಲ್ಲಿ ಹಣ್ಣು, ಹುಳು ತಿಂದು, ಪೊದೆಯೊಳಗಿನಿಂದಲೇ ಹಾಡುತ್ತದೆ. ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರಾವ ಮೂಲೆಯಲ್ಲಿಯೂ ಇದು ಇಲ್ಲ. ನಂದಿಬೆಟ್ಟ, ರಾಮನಗರದ ಬಂಡೆಗಳಲ್ಲಿ ಇದೆ. ಗಜೇಂದ್ರಗಡದಿಂದ ಆಗ್ನೇಯಕ್ಕೆ ಕೊಪ್ಪಳವನ್ನು ದಾಟಿದರೆ ಸಿಗುವ ಹಂಪಿ, ದರೋಜಿಯ ಕಲ್ಲುರಾಶಿಗಳಲ್ಲಿಯೂ ಇದೆ. ಕಲ್ಲುಗಣಿ, ಸೌದೆಗಾಗಿ ಪೊದೆ ಕಡಿಯುವುದು, ಬೇಸಿಗೆಯ ಬೆಂಕಿ ಇದರ ನೆಲೆಗಳನ್ನು ಕಿರಿದಾಗಿಸುತ್ತಿವೆ. ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದರ ಹೆಸರೂ ಸೇರಿದೆ.

ಹಣ್ಣು ತಿನ್ನುವ ಹಕ್ಕಿ ಬೀಜ ಹರಡುತ್ತದೆ, ಆದ್ದರಿಂದ ಅದನ್ನು ಉಳಿಸಬೇಕು ಎನ್ನುವವರುಂಟು. ಮಾತು ನಿಜ, ಆದರೆ ಅದು ಸಾಲದು. ಆ ಕೆಲಸವನ್ನು ಇನ್ನೊಂದು ಹಕ್ಕಿ ಮಾಡುವುದಾದರೆ ಇದು ಸಾಯಬಹುದೇ? ಉಪಯೋಗವನ್ನೇ ಅಳತೆಗೋಲಾಗಿ ಹಿಡಿದರೆ ಮುದುಕರನ್ನೂ ರೋಗಿಗಳನ್ನೂ ಅದರಿಂದಲೇ ಅಳೆಯುವ ಕಾಲ ದೂರವಿಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ದೇವರ ಮೊದಲ ಆಶೀರ್ವಾದ ದೊರೆತದ್ದು ಮೀನುಗಳಿಗೆ ಮತ್ತು ಹಕ್ಕಿಗಳಿಗೆ, ಐದನೆಯ ದಿನದಂದು. ಮನುಷ್ಯನಾದರೋ ಇನ್ನೂ ಹುಟ್ಟಿರಲಿಲ್ಲ! ಅವುಗಳ ಬೆಲೆ ನಮ್ಮಿಂದ ಬಂದುದಲ್ಲ. ಪೋಪ್ ಫ್ರಾನ್ಸಿಸ್ ಅವರು 2015ರ ತಮ್ಮ ವಿಶ್ವಪತ್ರ ‘ಲೌದಾತೊ ಸೀ’ಯಲ್ಲಿ ಒತ್ತಿಹೇಳಿದ್ದೂ ಇದನ್ನೇ.

ಹಾಗೆಂದು ಕಲ್ಲನ್ನು ಮುಟ್ಟಲೇಬಾರದೇ? ಧರ್ಮೋಪದೇಶಕಾಂಡದಲ್ಲಿ (22:6–7) ಒಂದು ಪುಟ್ಟ ಆಜ್ಞೆಯಿದೆ. ದಾರಿಯಲ್ಲಿ ಹಕ್ಕಿಯ ಗೂಡು ಸಿಕ್ಕಿದರೆ ಮರಿಗಳನ್ನು ತೆಗೆದುಕೊಳ್ಳಬಹುದು, ತಾಯಿಯನ್ನು ಮಾತ್ರ ಹಾರಲು ಬಿಡಬೇಕು. ಹಸಿದವನಿಗೆ ಅನುಮತಿಯಿದೆ, ಆದರೆ ಮುಂದಿನ ಗೂಡನ್ನು ಕಟ್ಟಬೇಕಾದವಳಿಗೆ ರಕ್ಷಣೆಯೂ ಇದೆ. ಕಡಿದ ಪೊದೆ ಮಳೆಗೆ ಚಿಗುರುತ್ತದೆ, ಸಿಡಿಸಿದ ಗುಡ್ಡ ಚಿಗುರುವುದಿಲ್ಲ. ಗುಡ್ಡವನ್ನೇ ಪುಡಿಮಾಡುವುದೆಂದರೆ ಮರಿಗಳೊಡನೆ ತಾಯಿಯನ್ನೂ ಹಿಡಿದಂತೆ.

ಇಲ್ಲಿ ಕಲ್ಲು ಒಡೆಯುವವನ ಮಾತನ್ನೂ ಕೇಳಬೇಕು. ಅವನ ಮನೆಯ ಒಲೆ ಉರಿಯುವುದು ಆ ಕೂಲಿಯಿಂದಲೇ. ಹಕ್ಕಿಯ ಹೆಸರಿನಲ್ಲಿ ಕ್ವಾರಿಗೆ ಬೀಗ ಹಾಕಿ ಅವನನ್ನು ಬೀದಿಗೆ ತಳ್ಳುವ ಧರ್ಮವನ್ನು ನಾನು ಒಪ್ಪಲಾರೆ. ಆದರೆ ಖಡಿಯ ಲಾಭ ಅವನಿಗೆ ದಕ್ಕಿದ್ದಾದರೂ ಎಷ್ಟು? ಕಲ್ಲು ಪಟ್ಟಣದ ಮಹಡಿಯಾಗುತ್ತದೆ, ದೂಳು ಅವನ ಪುಪ್ಪುಸದಲ್ಲಿ ಉಳಿಯುತ್ತದೆ. ಅವನನ್ನೂ ಹಕ್ಕಿಯನ್ನೂ ಎದುರಾಳಿಗಳೆಂದು ನಿಲ್ಲಿಸಿ ತೀರ್ಪು ಕೊಡುವವರು, ಕಲ್ಲನ್ನು ಕೊಳ್ಳುವ ನಾವು. ಬೇರೆ ಕೆಲಸ ದೊರೆಯುವವರೆಗೆ ಅವನ ಹೊಣೆ ಯಾರದು ಎಂಬುದನ್ನು ನಿರ್ಧರಿಸದೆ ಗುಡ್ಡದ ಬಗ್ಗೆ ಮಾತನಾಡುವುದು ನ್ಯಾಯವಲ್ಲ.

ನಮ್ಮ ಜಿಲ್ಲೆಗೆ ಇಂಥ ಮಾತು ಹೊಸತೇನಲ್ಲ. ಗದಗದ ದಕ್ಷಿಣಕ್ಕಿರುವ ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತ ರಕ್ಷಣೆಯನ್ನು ಸರ್ಕಾರ 2016ರಲ್ಲಿ ಹಿಂದಕ್ಕೆ ಪಡೆದಾಗ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಆ ರಕ್ಷಣೆ ಮರಳಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಗಜೇಂದ್ರಗಡ, ನರಗುಂದಗಳ ಗುಡ್ಡಗಳು ಆ ಗಡಿಯೊಳಗಿಲ್ಲ. ಮುಂದಿನ ಸಲ ದೇವಾಲಯದ ಆವರಣದ ಗೋಡೆಗೋ ನಮ್ಮದೇ ಮನೆಗೋ ಖಡಿಯ ಲಾರಿ ಬಂದು ನಿಂತಾಗ, ಇದು ಯಾವ ಗುಡ್ಡದ್ದು, ಅಲ್ಲಿ ದುಡಿದವರಿಗೆ ಕೂಲಿ ಎಷ್ಟು ಸಿಕ್ಕಿತು ಎಂದು ಧರ್ಮಕೇಂದ್ರದ ಸಭೆಯಲ್ಲಿ ಒಬ್ಬರಾದರೂ ಕೇಳಬಹುದಲ್ಲವೇ?