ಕಷ್ಟಕಾಲದಲ್ಲಿ ನಸುನಗುವದು ಕಪಟವೋ?

ಮನಸ್ಸಿನಲ್ಲಿ ಚಿಂತೆಯು ತುಂಬಿರುವಾಗ ಮೋರೆಯಲ್ಲಿ ನಗುವನ್ನು ತೋರಿಸುವದು ಕಪಟವಲ್ಲವೇ ಎಂದು ನಮ್ಮ ಸಭೆಯ ಯೌವನಸ್ಥನೊಬ್ಬನು ನನ್ನನ್ನು ಕೇಳಿದನು. ಈ ಪ್ರಶ್ನೆಯನ್ನು ಹಗುರವೆಂದು ಎಣಿಸಬಾರದು. ಯಾಕಂದರೆ ಅದು ಸತ್ಯವಂತನಾಗಿರಬೇಕೆಂಬ ಆಶೆಯಿಂದ ಹುಟ್ಟಿದ್ದು.

ಮೊದಲು ದೇಹದ ಸಂಗತಿಯನ್ನು ನೋಡೋಣ. ಕಳವಳ ಬಂದಾಗ ಎದೆಯು ಬಡಕೊಳ್ಳುತ್ತದೆ, ದವಡೆಯು ಬಿಗಿಯುತ್ತದೆ. 2012ರಲ್ಲಿ ಅಮೇರಿಕಾ ದೇಶದ ಕಾನ್ಸಾಸ್ ವಿಶ್ವವಿದ್ಯಾಲಯದ ಕ್ರಾಫ್ಟ್, ಪ್ರೆಸ್‌ಮನ್ ಎಂಬ ಇಬ್ಬರು ಪಂಡಿತೆಯರು ಸುಮಾರು 170 ಮಂದಿಯ ಬಾಯಲ್ಲಿ ಚೀನದವರು ಊಟಮಾಡುವ ಕಡ್ಡಿಗಳನ್ನು ಹಿಡಿಸಿ, ಕೆಲವರ ಮೋರೆಯು ನಗುವಿನ ಆಕಾರಕ್ಕೆ ಬರುವಂತೆ ಮಾಡಿದರು. ಬಳಿಕ ಅವರ ಕೈಯನ್ನು ಕೊರೆಯುವ ತಣ್ಣೀರಿನಲ್ಲಿ ಇಡಿಸಿದರು. ಆ ಬಾಧೆ ತೀರಿದ ಮೇಲೆ ನಗುಮೋರೆಯವರ ಹೃದಯದ ಬಡಿತವು ಇತರರದಕ್ಕಿಂತ ಕಡಿಮೆಯಾಗಿತ್ತು. ನಗಬೇಕೆಂಬ ಅಪ್ಪಣೆ ಹೊಂದದವರಲ್ಲಿಯೂ ಹಾಗೆಯೇ ಕಂಡಿತು. 2022ರಲ್ಲಿ 19 ದೇಶಗಳ 3,878 ಮಂದಿಯನ್ನು ಪರೀಕ್ಷಿಸಿದವರು, ಬೇಕೆಂದು ನಕ್ಕ ನಗುವಿನಿಂದಲೂ ಮನಸ್ಸಿಗೆ ಸ್ವಲ್ಪ ಹರ್ಷವುಂಟಾಗುತ್ತದೆಂದು ಕಂಡರು. ಸ್ವಲ್ಪವೇ, ನಗುವು ಮಂತ್ರವಲ್ಲ. ಅದು ಸಾಲವನ್ನು ತೀರಿಸದು, ಜ್ವರವನ್ನು ಇಳಿಸದು.

ಹಾಗಾದರೆ ಇದು ಕಪಟವೋ? ಹುಳುಕು ಬೀಜವನ್ನು ಮಾರುವದಕ್ಕೆ ನಗುವವನು ನೆರೆಯವನನ್ನು ಮೋಸಗೊಳಿಸುತ್ತಾನೆ, ಅದು ಪಾಪವೇ. ಆದರೆ ಜ್ವರದಿಂದ ಮಲಗಿರುವ ಕೂಸು ಹೆದರಬಾರದೆಂದು ನಸುನಗುವ ತಾಯಿಯು ಯಾರನ್ನು ಮೋಸಗೊಳಿಸಿದಳು? ನಮ್ಮ ಕರ್ತನು ಉಪವಾಸದ ವಿಷಯವಾಗಿ ಬೋಧಿಸಿದಾಗ ಕಪಟಿಗಳೆಂದು ಕರೆದದ್ದು ಜನರು ನೋಡಲೆಂದು ಮೋರೆ ಬಾಡಿಸಿಕೊಂಡವರನ್ನೇ. ಮುಖ ತೊಳೆದುಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು, ಅಂತರಂಗದ ದುಃಖವನ್ನು ತಂದೆಯ ಮುಂದೆ ಇಡುವವನನ್ನು ಆತನು ಗದರಿಸಲಿಲ್ಲ.

ಆದರೂ ಒಂದು ಎಚ್ಚರಿಕೆ ಬೇಕು. ಅದೇ ಕರ್ತನು ಲಾಜರನ ಸಮಾಧಿಗೆ ಹೋಗುವಾಗ ಕಣ್ಣೀರು ಸುರಿಸಿದನು. ಇದನ್ನು ಮರೆತು ನಾನು ಒಮ್ಮೆ, ಮಗುವನ್ನು ಮಣ್ಣಿಗೆ ಕೊಟ್ಟ ತಾಯಿಯೊಬ್ಬಳಿಗೆ, ವಿಶ್ವಾಸಿಗಳು ಅಳಬಾರದಮ್ಮಾ, ನಗುಮುಖದಿಂದಿರು ಎಂದು ಬುದ್ಧಿ ಹೇಳಿದೆನು. ಆಕೆಯು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಬಹು ದಿನ ಆರಾಧನೆಗೆ ಬರಲಿಲ್ಲ. ನನ್ನ ಮಾತು ಆಕೆಗೆ ಹೊರೆಯಾಯಿತೇ ಹೊರತು ಆದರಣೆಯಾಗಲಿಲ್ಲ. ನಾನು ಆಕೆಯ ಸಂಗಡ ಕೂತು ಅಳಬೇಕಾಗಿತ್ತು.

ಆದದರಿಂದ ಪ್ರಿಯರೇ, ನಿಮ್ಮ ಸ್ವಂತ ಕಷ್ಟದಲ್ಲಿ ನಸುನಗುವದಕ್ಕೆ ನಾಚಬೇಡಿರಿ. ದೇವರು ಈ ದೇಹದಲ್ಲಿಯೇ ಇಟ್ಟಿರುವ ಸಣ್ಣ ಸಹಾಯವದು. ಆದರೆ ಅಳುವವರಿಗೆ ನಗಿರೆಂದು ಅಪ್ಪಣೆ ಕೊಡಬೇಡಿರಿ. ಅವರ ಬಳಿಯಲ್ಲಿ ಕೂತುಕೊಳ್ಳುವ ಮನಸ್ಸನ್ನು ಕರ್ತನು ನಮ್ಮೆಲ್ಲರಿಗೂ ದಯಪಾಲಿಸಲಿ.