ಹರಕೆ ಹೊತ್ತವರು ಯಾರು, ನೇಮ ಯಾರ ಮೇಲೆ?

॥ ಶ್ರೀ ಮಲೆ ಮಹದೇಶ್ವರ ಪ್ರಸನ್ನ ॥



ಎಪ್ಪತ್ತೇಳು ಮಲೆಯ ಒಡೆಯ, ಹುಲಿವಾಹನ ಮಾದಪ್ಪನ ಪಾದಕ್ಕೆ ಶರಣು ಮಾಡಿ ನಾಲ್ಕು ಮಾತು ಹೇಳುತ್ತೇವೆ. ದರ್ಶನದ ಸಾಲಿನಲ್ಲಿ ನಿಂತಾಗಲೋ, ದಾಸೋಹದಲ್ಲಿ ಪ್ರಸಾದ ಮುಗಿಸಿ ಕೂತಾಗಲೋ, ಇಳಿಯುವ ಬಸ್ಸಿನಲ್ಲೋ ಓದಿಕೊಳ್ಳಿ. ಓದು ಬಾರದ ಹಿರಿಯರು ಜೊತೆಯಲ್ಲಿದ್ದರೆ ಅವರಿಗೂ ಓದಿ ಹೇಳಿ.

ಈ ಬೆಟ್ಟಕ್ಕೆ ಬರುವವರಲ್ಲಿ ಒಬ್ಬರಂತೆ ಇನ್ನೊಬ್ಬರಿಲ್ಲ. ಶಿವರಾತ್ರಿಗೆ ಕನಕಪುರದ ಕಡೆಯಿಂದ ಕಾಲ್ನಡಿಗೆಯಲ್ಲಿ ಹೊರಟು, ಸಂಗಮದ ಹತ್ತಿರ ಕಾವೇರಿ ದಾಟಿ, ಕಾಡುಹಾದಿ ತುಳಿದು ಬರುವವರಿದ್ದಾರೆ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದು, ತಾಳಬೆಟ್ಟದಲ್ಲಿ ಇಳಿದು, ಅಲ್ಲಿಂದ ನಡೆದೇ ಹತ್ತುವವರಿದ್ದಾರೆ. ಸ್ವಂತ ಕಾರಿನಲ್ಲಿ ಬಂದು ಒಂದು ಗಂಟೆಯಲ್ಲಿ ದರ್ಶನ ಮುಗಿಸಿ ಹೊರಡುವವರೂ ಇದ್ದಾರೆ. ಕೆಲವರು ಮುಡಿ ಕೊಡುತ್ತಾರೆ, ಕೆಲವರು ಉರುಳುಸೇವೆ ಮಾಡುತ್ತಾರೆ, ಕೆಲವರು ಪಂಜು ಹಿಡಿಯುತ್ತಾರೆ. ಪೊರಕೆ ಹಿಡಿದು ರಜ ಹೊಡೆಯುವ ಅಜ್ಜಿಯರಿದ್ದಾರೆ. ಯಾವ ಸೇವೆಗೂ ಚೀಟಿ ಮಾಡಿಸದೆ, ಕಂಬದ ಪಕ್ಕ ನಿಂತು, ಕಣ್ಣೊರೆಸಿಕೊಂಡು ಹೋಗಿಬಿಡುವವರೂ ಇದ್ದಾರೆ.

"ಇವರಲ್ಲಿ ಯಾರ ಭಕ್ತಿ ದೊಡ್ಡದು ಬುದ್ಧಿ?" ಎಂದು ಕೇಳುವವರುಂಟು. ಇದಕ್ಕೆ ಉತ್ತರ ಈ ಬೆಟ್ಟದ ಆಚರಣೆಯಲ್ಲೇ ಇದೆ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಕುಲದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನ ಹಳ್ಳದಿಂದ ನೀರು ಹೊತ್ತು ತರುತ್ತಾರೆ. ಒಂದು ಕೂಸಿನ ಕಳಸ ತುಂಬಿ ತುಳುಕುತ್ತಿರುತ್ತದೆ, ಇನ್ನೊಂದರದ್ದು ದಾರಿಯಲ್ಲಿ ಒಂದಿಷ್ಟು ಚೆಲ್ಲಿರುತ್ತದೆ. ಯಾರ ಕಳಸದಲ್ಲಿ ನೀರು ಹೆಚ್ಚೆಂದು ಅಲ್ಲಿ ಯಾರೂ ಅಳೆಯುವುದಿಲ್ಲ. ಹೊತ್ತು ತಂದದ್ದೆಲ್ಲ ಮಾದಪ್ಪನಿಗೇ ಸಲ್ಲುತ್ತದೆ. ಅಳೆಯುವ ಕೆಲಸ ಅವನದು. ನಮ್ಮ ಕೆಲಸ ಹೊರುವುದು.

ಹರಕೆ ಎಂದರೇನು?

ಕಷ್ಟ ಬಂದಾಗ ಮನುಷ್ಯ ದೇವರಿಗೆ ಒಂದು ಮಾತು ಕೊಡುತ್ತಾನೆ. ಹಳದಿ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ದೇವರ ಗೂಡಿನಲ್ಲಿಟ್ಟು, "ಅಪ್ಪಾ, ಇದೊಂದು ಪಾರು ಮಾಡು, ನಿನ್ನ ಬೆಟ್ಟಕ್ಕೆ ಬರ್ತೀನಿ" ಅನ್ನುತ್ತಾನೆ. ಅದೇ ಮುಡಿಪು, ಅದೇ ಹರಕೆ. ಈ ಮಾತು ಇಬ್ಬರ ನಡುವಿನದು. ಒಂದು ಕಡೆ ಹೊತ್ತವರು, ಇನ್ನೊಂದು ಕಡೆ ಮಾದಪ್ಪ. ಮೂರನೆಯವರು ಅದರಲ್ಲಿ ಇಲ್ಲ.

ಕೂಸಿನ ಮುಡಿ ಬೇರೆ. ಮಾತು ಬಾರದ ಮಗುವಿನ ಪರವಾಗಿ ಹೆತ್ತವರು ಹರಕೆ ಹೊರುತ್ತಾರೆ, ಹೆತ್ತವರೇ ಎತ್ತಿಕೊಂಡು ಬಂದು ತೀರಿಸುತ್ತಾರೆ. ಆದರೆ ಬುದ್ಧಿ ಬಲಿತವರ ಮೇಲೆ ನಾವು ಹೊತ್ತ ಹರಕೆಯನ್ನು ಇಳಿಸುವಂತಿಲ್ಲ. ಇಲ್ಲೇ ನಮ್ಮ ಜನ ಎಡವುವುದು.

ಒಂದು ಮನೆಯನ್ನು ನೆನೆಸಿಕೊಳ್ಳಿ. ಮಗನಿಗೆ ಕುಡಿತ ಅಂಟಿದೆ. ಕೂಲಿ ದುಡ್ಡು ಮನೆಗೆ ಬರುತ್ತಿಲ್ಲ, ಸೊಸೆಯ ಕಿವಿಯಲ್ಲಿ ಓಲೆ ಇಲ್ಲ. ತಾಯಿ ಹರಕೆ ಹೊತ್ತು, ಮಗನನ್ನು ಬೆಟ್ಟಕ್ಕೆ ಎಳೆದು ತಂದು, ಗುಡಿಯ ಮುಂದೆ ನಿಲ್ಲಿಸಿ, "ಇನ್ನು ಮುಟ್ಟಲ್ಲ ಅಂತ ಮಾದಪ್ಪನ ಮೇಲೆ ಆಣೆ ಮಾಡು" ಅನ್ನುತ್ತಾಳೆ. ಅಷ್ಟು ಜನರ ಎದುರು ಅವನು ಇಲ್ಲ ಅನ್ನಲಾರ, ಆಣೆ ಮಾಡುತ್ತಾನೆ. ಊರಿಗೆ ಹೋದ ಮೂರನೆಯ ದಿನ ಆಣೆ ಮುರಿಯುತ್ತದೆ. ಮೊದಲು ಅವನಿಗೆ ಕುಡಿತ ಒಂದೇ ಇತ್ತು. ಈಗ ಸುಳ್ಳು ಸೇರಿತು, ದೇವರು ಕಣ್ಣು ಕೀಳುತ್ತಾನೆಂಬ ಭಯ ಸೇರಿತು. ಆ ಭಯ ಮರೆಯಲು ಇನ್ನಷ್ಟು ಕುಡಿಯುತ್ತಾನೆ. ಮುಂದಿನ ವರ್ಷ ಬೆಟ್ಟಕ್ಕೆ ಕರೆದರೆ ಬರುವುದಿಲ್ಲ. ತಾಯಿ ಮಗನನ್ನು ದೇವರ ಹತ್ತಿರ ತರಬೇಕೆಂದು ಮಾಡಿದ್ದು ಅವನನ್ನು ದೇವರಿಂದಲೇ ದೂರ ಮಾಡಿತು.

ಆ ತಾಯಿಯ ನೋವು ಸಣ್ಣದಲ್ಲ, ಅವಳನ್ನು ಬೈಯುವ ಮಾತು ಇದಲ್ಲ. ಅವಳು ಹರಕೆ ಹೊರಲಿ, ತನ್ನ ಪಾಲಿನದನ್ನು ಹೊರಲಿ. "ಸೋಮವಾರ ಒಪ್ಪೊತ್ತು ಇರ್ತೀನಿ, ಮಗನ ಮೇಲೆ ಕೆಟ್ಟ ಬಾಯಿ ಬಿಡಲ್ಲ, ಅವನಿಗೆ ಮದ್ದು ಕೊಡಿಸೋವರೆಗೂ ಸುಮ್ಮನಾಗಲ್ಲ" ಎನ್ನಲಿ. ಕುಡಿತವೂ ಒಂದು ಕಾಯಿಲೆ, ಅದನ್ನು ಬಿಡಿಸಲು ವೈದ್ಯರಿದ್ದಾರೆ. ಅವರ ಹತ್ತಿರವೂ ಕರೆದುಕೊಂಡು ಹೋಗಲಿ. ಮಗ ತಾನೇ ಮನಸ್ಸು ಮಾಡಿದ ದಿನ ತಾನೇ ಬಂದು ಮಾದಪ್ಪನ ಮುಂದೆ ನಿಲ್ಲುತ್ತಾನೆ. ಅವತ್ತಿನ ಮಾತು ಅವನದಾಗಿರುತ್ತದೆ.

ಸಂಕಮ್ಮ ಭಾಷೆ ಕೊಡಲಿಲ್ಲ

ಇದು ನಾವು ಕಟ್ಟಿ ಹೇಳುವ ಮಾತಲ್ಲ. ಕಂಸಾಳೆಯವರು ಹಾಡುವ ಸಂಕಮ್ಮನ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಸೋಲಿಗರ ಹೆಣ್ಣುಮಗಳು ಸಂಕಮ್ಮ. ಗಂಡ ನೀಲೇಗೌಡ. ದೂರದ ಮಲೆಗೆ ಹೊರಟ ನೀಲೇಗೌಡನಿಗೆ ಹೆಂಡತಿಯ ಮೇಲೆ ಅನುಮಾನ. ಹೋಗುವ ಮುಂಚೆ ಕೈಮುಟ್ಟಿ ಭಾಷೆ ಕೊಡು ಎಂದು ಹಟ ಹಿಡಿದ. ಸಂಕಮ್ಮ ಕೊಡಲಿಲ್ಲ.

ಯಾಕೆ ಕೊಡಲಿಲ್ಲ? ತಪ್ಪು ಮಾಡುವ ಮನಸ್ಸಿತ್ತೆಂದಲ್ಲ. ನಂಬಿ ಕೈಹಿಡಿದು ಬಂದವಳನ್ನು ನಂಬದವನಿಗೆ ಭಾಷೆ ಕೊಟ್ಟರೂ ಅನುಮಾನ ಹೋಗುತ್ತದೆಯೇ? ಇವತ್ತು ಕೈಮುಟ್ಟು ಎಂದವನು ನಾಳೆ ಕೆಂಡ ಮುಟ್ಟು ಎನ್ನುತ್ತಾನೆ. ಭಾಷೆ ಕೊಡದ ತಪ್ಪಿಗೆ ಆ ತಾಯಿ ಪಟ್ಟ ಪಾಡನ್ನು ಹಾಡಿನಲ್ಲಿ ಕೇಳಿ ಕಣ್ಣೀರು ಹಾಕದ ಹೆಂಗಸರಿಲ್ಲ. ಕಷ್ಟದ ತುದಿಯಲ್ಲಿ ಅವಳು ಮಾದೇವನನ್ನು ಕೂಗಿದಳು. ಅವನು ಬಂದ. ಅವಳಿಗೆ ಮಕ್ಕಳ ಭಾಗ್ಯ ಕೊಟ್ಟ. ಆ ಮಕ್ಕಳೇ ಕಾರಯ್ಯ, ಬಿಲ್ಲಯ್ಯ, ಮಾದಪ್ಪನ ಶಿಶುಮಕ್ಕಳು.

ಭಕ್ತರೇ, ಇಲ್ಲಿ ಮಾದಪ್ಪ ಯಾರ ಕಡೆ ನಿಂತ ಎನ್ನುವುದನ್ನು ಗಮನಿಸಿ. ಆಣೆ ಕೇಳಿದವನ ಕಡೆ ನಿಲ್ಲಲಿಲ್ಲ, ಆಣೆ ಕೊಡದವಳ ಕಡೆ ನಿಂತ. ಗಂಡ ಹಿಂಸೆ ಮಾಡಿದರೂ ಭಾಷೆ ಕೊಡದ ಅದೇ ಬಾಯಿ, ಯಾರೂ ಕೇಳದಿದ್ದರೂ "ಮಾದೇವಾ" ಎಂದಿತು. ಕಿತ್ತುಕೊಂಡ ಮಾತಿಗೂ ತಾನಾಗಿ ಕೊಟ್ಟ ಮಾತಿಗೂ ಇಷ್ಟು ವ್ಯತ್ಯಾಸ. ಸಂಕಮ್ಮನ ಹೆಸರು ಹಾಡುವ ಈ ಬೆಟ್ಟದಲ್ಲಿ ನಿಂತು ನಾವು ಇನ್ನೊಬ್ಬರ ನಂಬಿಕೆಗೆ ಪುರಾವೆ ಕೇಳಬಾರದು.

ಒಂದೇ ಮನೆ, ಎರಡು ಒಕ್ಕಲು

ನಮ್ಮ ಸೀಮೆಯಲ್ಲಿ ಇನ್ನೊಂದು ಜಗಳ ಉಂಟು. ಗಂಡನ ಮನೆಯವರು ಮಾದಪ್ಪನ ಒಕ್ಕಲು. ಸೊಸೆಯ ತವರು ಸಿದ್ದಪ್ಪಾಜಿಯ ಒಕ್ಕಲು. ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲ ಉರಿಯುವಾಗ ಆ ಹುಡುಗಿಗೆ ಅಲ್ಲಿಗೆ ಹೋಗಬೇಕೆಂಬ ಆಸೆ. ಅಲ್ಲಿನ ಪಂಕ್ತಿಸೇವೆಯ ಕ್ರಮವೇ ಬೇರೆ, ಇಲ್ಲಿನ ಸೇವೆಯ ಕ್ರಮವೇ ಬೇರೆ. "ನಮ್ಮ ಮನೆಗೆ ಬಂದ ಮೇಲೆ ನಮ್ಮ ದೇವರು ಸಾಕು" ಎಂದು ಅತ್ತೆ ಅನ್ನುತ್ತಾರೆ. ಸೊಸೆ ತಲೆ ತಗ್ಗಿಸಿ ಇಲ್ಲಿಗೆ ಬರುತ್ತಾಳೆ, ಕೈ ಮುಗಿಯುತ್ತಾಳೆ. ಮನಸ್ಸು ಮಾತ್ರ ಕೊತಕೊತ ಕುದಿಯುತ್ತಿರುತ್ತದೆ.

ಅತ್ತೆಯವರೇ, ನಿಮ್ಮ ಸೊಸೆ ಹೀಗೆ ಮುಗಿದ ಕೈ ಮಾದಪ್ಪನಿಗೆ ಬೇಕೇ? ಹುಟ್ಟಿದಾಗಿನಿಂದ ಅವಳು ನಂಬಿದ್ದನ್ನು ಒಂದು ತಾಳಿ ಕಟ್ಟಿ ಅಳಿಸಲಾದೀತೇ? ಅವಳನ್ನು ಚಿಕ್ಕಲ್ಲೂರಿಗೆ ಕಳಿಸಿಕೊಡಿ, ಆಗುವುದಾದರೆ ಜೊತೆಯಲ್ಲಿ ನೀವೂ ಹೋಗಿಬನ್ನಿ. ಆಮೇಲೆ ಅವಳು ಯಾರೂ ಹೇಳದೆಯೇ ಅಮಾವಾಸ್ಯೆಗೆ ನಿಮ್ಮ ಬುತ್ತಿ ಕಟ್ಟಿಕೊಂಡು ಬರುತ್ತಾಳೋ ಇಲ್ಲವೋ ನೋಡಿ. ಬಾರದೇ ಹೋದರೂ ಮಾದಪ್ಪನಿಗೆ ಕೊರತೆಯಿಲ್ಲ, ನಿಮ್ಮ ಮನೆಗೆ ನೆಮ್ಮದಿ ಉಳಿಯುತ್ತದೆ.

ಪೂಜೆಯೇ ಮಾಡದ ಮಕ್ಕಳ ಮಾತೂ ಇಷ್ಟೇ. ಓದಿ ಕೆಲಸಕ್ಕೆ ಸೇರಿದ ಮಗ, "ನನಗೆ ಇದರಲ್ಲೆಲ್ಲ ಅಷ್ಟು ನಂಬಿಕೆ ಇಲ್ಲಪ್ಪಾ" ಎಂದು ಹೇಳಿ, ಮಂಡಿನೋವಿನ ತಂದೆಯನ್ನು ಕೈಹಿಡಿದು ಮೆಟ್ಟಿಲು ಹತ್ತಿಸುತ್ತಾನೆ. ಅವನನ್ನು ನಾಸ್ತಿಕ ಎಂದು ಜರಿಯಬೇಡಿ. ತಂದೆಯ ನೇಮ ನಡೆಯಲೆಂದು ಅವನು ಒಂದು ದಿನದ ಸಂಬಳ ಬಿಟ್ಟು ಬಂದಿದ್ದಾನೆ. ಅದೂ ಸೇವೆಯೇ.

ಜೋಳಿಗೆ ಹಿಡಿದವರ ನೇಮ

ಹಾಗಾದರೆ ನೇಮ ನಿಷ್ಠೆ ಸಡಿಲವಾಗಿರಲಿ ಎಂದು ಅರ್ಥವೇ? ಅಲ್ಲ. ನಮ್ಮ ದೇವರಗುಡ್ಡರನ್ನು ನೋಡಿ. ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಧರಿಸಿ, ಕಂಸಾಳೆ ಹಿಡಿದು, ಮನೆಯಲ್ಲಿ ಹೊಲ ಗದ್ದೆ ಇದ್ದರೂ ಜೋಳಿಗೆ ಹಾಕಿಕೊಂಡು ಭಿಕ್ಷಕ್ಕೆ ಹೋಗುತ್ತಾರೆ. ನೀಡಿದವರಿಗೂ ನೀಡದವರಿಗೂ ಮಾದಪ್ಪನ ಹೆಸರು ಹೇಳಿ ಮುಂದಿನ ಬಾಗಿಲಿಗೆ ನಡೆಯುತ್ತಾರೆ. ಆ ನೇಮ ಅವರ "ನಾನು" ಎಂಬುದನ್ನು ಬಗ್ಗಿಸುತ್ತದೆ. ನಿಜವಾದ ನೇಮದ ಗುರುತು ಇದು. ನೇಮ ಹಿಡಿದವರು ದಿನ ಕಳೆದಂತೆ ಮೆತ್ತಗಾಗಬೇಕು. ಉಪವಾಸ ಮಾಡಿ ಮನೆಯವರ ಮೇಲೆ ರೇಗಾಡಿದರೆ, ಮಾಲೆ ಧರಿಸಿ ಸಾಲಿನಲ್ಲಿ ಮುದುಕಿಯನ್ನು ತಳ್ಳಿದರೆ, ಆ ನೇಮ ಹೊಟ್ಟೆಯನ್ನು ಒಣಗಿಸಿತೇ ಹೊರತು ಮನಸ್ಸನ್ನು ಮುಟ್ಟಲಿಲ್ಲ.

ಹರಕೆಗೂ ಒಂದು ಮಿತಿ

ಸಾಲ ಮಾಡಿ ಹರಕೆ ತೀರಿಸಬೇಡಿ. ಬಡ್ಡಿಗೆ ದುಡ್ಡು ತಂದು ನೂರಾರು ಜನಕ್ಕೆ ಊಟ ಹಾಕಿ, ಆಮೇಲೆ ಮಕ್ಕಳ ಶಾಲೆ ಬಿಡಿಸಿದರೆ ಮಾದಪ್ಪ ಮೆಚ್ಚುವುದಿಲ್ಲ. ದಾಸೋಹಕ್ಕೆ ಒಂದು ಸೇರು ಅಕ್ಕಿ ತಂದರೂ ಅದು ಅನ್ನಸಂತರ್ಪಣೆಯೇ.

ಸಕ್ಕರೆ ಕಾಯಿಲೆ, ಬಿ.ಪಿ. ಇರುವವರು ಬೆಟ್ಟದ ನೇಮವೆಂದು ಮಾತ್ರೆ ನಿಲ್ಲಿಸಬೇಡಿ. ಬಸುರಿಯರು, ಬಾಣಂತಿಯರು ಉಪವಾಸ ಮಾಡಬೇಕಾಗಿಲ್ಲ. ಉರುಳುಸೇವೆ ಹೊತ್ತವರಿಗೆ ವಯಸ್ಸಾಗಿ ಮೈ ಕೇಳದಿದ್ದರೆ ಗುಡಿಯ ಮುಂದೆ ನಿಂತು ಹಾಗೆಂದು ಅರಿಕೆ ಮಾಡಿ, ತಪ್ಪುಕಾಣಿಕೆ ಹಾಕಿ, ಕೈಲಾದ ಬೇರೆ ಸೇವೆ ಮಾಡಿ. ತೀರದ ಹರಕೆಯ ಭಯವನ್ನು ಮನಸ್ಸಿನಲ್ಲಿ ಹೊತ್ತು ತಿರುಗಬೇಡಿ. ಮನೆಯಲ್ಲಿ ಏನು ಕೆಟ್ಟದ್ದಾದರೂ "ಹರಕೆ ಬಾಕಿ ಇತ್ತಲ್ಲ, ಅದಕ್ಕೇ ಹೀಗಾಯ್ತು" ಎಂದು ಒಬ್ಬರ ಮೇಲೆ ಒಬ್ಬರು ಹಾಕಬೇಡಿ. ಮಾದಪ್ಪ ಬಡ್ಡಿ ವಸೂಲಿ ಮಾಡುವ ಸಾಹುಕಾರನಲ್ಲ.

ಇಳಿಯುವ ಮುನ್ನ

ಬೆಟ್ಟದ ಮೇಲೆ ಭಕ್ತರಾಗಿರುವುದು ಸುಲಭ. ಇಲ್ಲಿ ಸುತ್ತಲೂ "ಉಘೇ ಉಘೇ" ಅನ್ನುತ್ತಿರುತ್ತಾರೆ, ಧೂಪದ ವಾಸನೆ ಇರುತ್ತದೆ, ಕೈ ತಾನಾಗಿ ಮುಗಿಯುತ್ತದೆ. 2023ರಲ್ಲಿ ಅನಾವರಣವಾದ 108 ಅಡಿಯ ಮಾದಪ್ಪನ ವಿಗ್ರಹದ ಮುಂದೆ ನಿಂತರೆ ಎಂಥವರ ತಲೆಯೂ ಬಾಗುತ್ತದೆ. ಫೋಟೋ ತೆಗೆಸಿಕೊಳ್ಳಿ, ಸಂತೋಷ. ಆದರೆ ನಿಮ್ಮ ನೇಮದ ಪರೀಕ್ಷೆ ನಡೆಯುವುದು ಊರಿನ ಮಂಗಳವಾರದಲ್ಲಿ. ಯಾರೂ ನೋಡದಾಗ, ಕೆಲಸದಿಂದ ದಣಿದು ಬಂದಾಗ.

ಅದಕ್ಕೆ ಇಳಿಯುವ ಮುಂಚೆ ಒಂದು ಸಣ್ಣ ನೇಮ ಹಿಡಿಯಿರಿ. ಅದಕ್ಕೆ ಮೂರು ಲಕ್ಷಣ ಇರಲಿ. ಒಂದು, ಅದು ನಿಮ್ಮ ಕೈಯಿಂದಲೇ ಆಗುವಂತಿರಲಿ, ಹೆಂಡತಿಯೋ ಮಗಳೋ ನಿಮಗಾಗಿ ಒದ್ದಾಡುವಂತಿರಬಾರದು. ಎರಡು, ಬಡತನ ಬಂದರೂ ಕಾಯಿಲೆ ಬಂದರೂ ನಡೆಸಬಹುದಾದಷ್ಟು ಚಿಕ್ಕದಿರಲಿ. ಮೂರು, ಅದರಿಂದ ಇನ್ನೊಂದು ಜೀವಕ್ಕೆ ಒಂದಿಷ್ಟು ತಂಪಾಗಲಿ.

ಬೆಳಿಗ್ಗೆ ದೀಪ ಹಚ್ಚುವಾಗ ಮುನಿಸಿಕೊಂಡ ತಮ್ಮನ ಹೆಸರು ಹೇಳಿ ಒಳ್ಳೆಯದನ್ನು ಬೇಡುವುದು ಒಂದು ನೇಮ. ಸೋಮವಾರ ಬಾಗಿಲಿಗೆ ಬಂದವರನ್ನು ಬರಿಗೈಲಿ ಕಳಿಸದಿರುವುದು ಒಂದು ನೇಮ. ಮಾದಪ್ಪ ನೆಲೆಸಿದ ಈ ಕಾಡನ್ನು 2013ರಲ್ಲಿ ಸರ್ಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಇಲ್ಲಿ ಪ್ಲಾಸ್ಟಿಕ್ ಚೀಲ, ಬಾಟಲಿ ಎಸೆಯದೆ ಚೀಲದಲ್ಲಿಟ್ಟು ವಾಪಸು ಒಯ್ಯುವುದೂ ಒಂದು ನೇಮ. ಹುಲಿಯನ್ನು ವಾಹನ ಮಾಡಿಕೊಂಡವನ ಮನೆಯಂಗಳ ಇದು, ಇಲ್ಲಿ ಪೊರಕೆ ಹಿಡಿಯದಿದ್ದರೂ ಇದು ರಜ ಹೊಡೆದಂತೆಯೇ.

ಹಿಡಿದ ನೇಮ ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಹಿಡಿಯಿರಿ. ಯಾರಿಗೂ ಹೇಳಬೇಡಿ. ಪಕ್ಕದ ಮನೆಯವರು ಯಾವ ನೇಮ ಹಿಡಿದರೆಂದು ಕೇಳಬೇಡಿ. ಅದು ಅವರಿಗೂ ಮಾದಪ್ಪನಿಗೂ ಬಿಟ್ಟದ್ದು.

ಬೆಟ್ಟ ಹತ್ತಿ ಬಂದ ಎಲ್ಲರನ್ನೂ, ಮನೆಯಲ್ಲಿ ಉಳಿದವರನ್ನೂ, ಕರೆದರೂ ಬಾರದವರನ್ನೂ ಮುದ್ದು ಮಾದೇವ ಕಾಯಲಿ. ಮಳೆ ಬೆಳೆ ಚೆನ್ನಾಗಿ ಆಗಲಿ. ಹೊತ್ತ ಹರಕೆ ಹಗುರಾಗಲಿ.

ಉಘೇ ಉಘೇ ಮಾದಪ್ಪ!

॥ ಶುಭಮಸ್ತು ॥